ಮೂರು ಗಡಿಗಳ ದಂಡನಾಯಕ

ಹಿಂದೊಂದು ಕಾಲದಲ್ಲಿ ಹೊನ್ನಗಿರಿ, ನೀರಾಳ, ಕಡಲೂರು ಎಂಬ ಮೂರು ರಾಜ್ಯಗಳ ಗಡಿ ಒಂದೇ ಕಣಿವೆಯಲ್ಲಿ ಕೂಡುತ್ತಿತ್ತು. ಕಣಿವೆಯ ಮೇಲಿನ ಗುಡ್ಡದಲ್ಲಿ ಧೂಮಕೇಶಿ ಎಂಬ ಮಾಂತ್ರಿಕನಿದ್ದ. ಅವನ ಪ್ರಾಣ ಅವನು ಸಾಕಿದ ಕಂಚಿನ ಕೋಣದಲ್ಲಿತ್ತು. ಕೋಣ ಊರೂರು ತುಳಿಯುತ್ತಿತ್ತು. ಒಂದು ರಾಜ್ಯದಲ್ಲಿ ಈಟಿ ತಗುಲಿದರೆ ಇನ್ನೊಂದಕ್ಕೆ ಹಾರುತ್ತಿತ್ತು. ಗಡಿಯಾಚೆಯ ನೆಲದಲ್ಲಿ ಕಾಲೂರಿದೊಡನೆ ಗಾಯ ಮಾಯುತ್ತಿತ್ತು.

ಹೊನ್ನಗಿರಿಯ ಗಡಿಪಡೆಗೆ ಬೊಪ್ಪರಸನೆಂಬವನು ದಂಡನಾಯಕ. ಹದಿಮೂರು ವರ್ಷ ಕೋಣವನ್ನು ಅಟ್ಟಿದ, ಹದಿಮೂರು ವರ್ಷವೂ ಗಡಿಕಲ್ಲಿನ ಬಳಿ ನಿಂತು, ಸತ್ತವರನ್ನು ಹೊತ್ತು ಹಿಂತಿರುಗಿದ. ಮೂರೂ ರಾಜ್ಯಗಳ ಪಡೆಗಳು ಕೂಡಿ ಹೊಡೆಯದೆ ಇದು ಸಾಯದೆಂದು ಕೊನೆಗೆ ಅವನಿಗೆ ತಿಳಿಯಿತು.

ಮೊದಲು ತನ್ನ ರಾಜನನ್ನು ಕಂಡ.

"ಪರರಾಜ್ಯದವರ ಮಾತನ್ನು ನನ್ನ ಸೈನಿಕರು ಕೇಳಬೇಕೇ?" ಎಂದ ರಾಜ.

"ಬೇಡ ಪ್ರಭು. ಅವರವರ ಪಡೆಗೆ ಅವರವರೇ ನಾಯಕರು. ಹೊಡೆಯುವ ಗಳಿಗೆ ಮಾತ್ರ ಒಂದಿರಲಿ."

ಆಮೇಲೆ ನೀರಾಳಕ್ಕೆ ಹೋದ. "ಗೆದ್ದರೆ ಹೆಸರು ಯಾರಿಗೆ?" ಎಂದ ಅಲ್ಲಿಯ ರಾಜ.

"ತಮಗೇ ಇರಲಿ." ಬೊಪ್ಪರಸನಿಗೆ ಹೆಸರಿನ ಆಸೆ ಎಂದೋ ಬತ್ತಿತ್ತು.

ಕಡಲೂರಿನ ರಾಣಿ ಚಾಗಲದೇವಿ ಅವನನ್ನು ಬಹಳ ಹೊತ್ತು ನೋಡಿದಳು. "ನಿಮ್ಮವರೊಡನೆ ನಡೆದ ಯುದ್ಧದಲ್ಲಿ ನನ್ನ ತಮ್ಮ ಸತ್ತ. ಆ ದಂಡಿನಲ್ಲಿ ನೀನಿದ್ದೆಯಾ?"

"ಇದ್ದೆ, ತಾಯಿ."

ಸಭೆಯಲ್ಲಿ ಕತ್ತಿಗಳು ಒರೆಯಿಂದೆದ್ದವು. ಬೊಪ್ಪರಸ ಕದಲಲಿಲ್ಲ. ಓಡುವ ಶಕ್ತಿಯೂ ಅವನಲ್ಲಿರಲಿಲ್ಲ.

"ಇಲ್ಲವೆಂದಿದ್ದರೆ ನಂಬುತ್ತಿರಲಿಲ್ಲ," ಎಂದಳು ರಾಣಿ. "ಪಡೆಯೊಡನೆ ನಾನೇ ಬರುತ್ತೇನೆ."

ರಾಜರಿಬ್ಬರೂ ಒಪ್ಪಿದರು; ಮೂರು ಪಡೆಗಳೂ ತಮ್ಮ ಅರಸರೊಡನೆ ಕಣಿವೆಯಲ್ಲಿ ಕೂಡಿ ಬೀಡುಬಿಟ್ಟವು. ಹೊನ್ನಗಿರಿಯ ಕಹಳೆ 'ನುಗ್ಗಿ' ಎಂದು ಕೂಗಿದರೆ ನೀರಾಳದವರಿಗೆ ಅದು 'ಹಿಂದೆ ಸರಿಯಿರಿ' ಎಂದು ಕೇಳಿಸುತ್ತಿತ್ತು. ಕಹಳೆ ಬಿಡಿಸಿ, ಒಂದೇ ನಗಾರಿಯ ಪೆಟ್ಟು ಕಲಿಸುವುದರಲ್ಲಿ ಬೊಪ್ಪರಸನಿಗೆ ತಿಂಗಳು ಕಳೆಯಿತು, ಗಂಟಲು ಕಟ್ಟಿತು.

ಕೋಣ ಬಂತು. ನಗಾರಿಗೆ ಪೆಟ್ಟು ಬಿತ್ತು. ಹೊನ್ನಗಿರಿಯಲ್ಲಿ ಈಟಿ ತಗುಲಿ ನೀರಾಳಕ್ಕೆ ಹಾರಿತು, ಕಾಲೂರುವ ಮೊದಲೇ ಅಲ್ಲಿಯೂ ಈಟಿ. ಕಡಲೂರಿಗೆ ಹಾರಿತು, ಅಲ್ಲಿಯೂ ಈಟಿ. ಗಾಯ ಮಾಯಲು ನೆಲವೇ ಉಳಿಯಲಿಲ್ಲ. ಕೋಣ ಒಡೆದ ಗಡಿಗೆಯಂತೆ ಚೂರಾಯಿತು. ಗುಡ್ಡದ ಮೇಲೆ ಧೂಮಕೇಶಿ ಹೊಗೆಯಾಗಿ ಕರಗಿಹೋದ.

"ಏನು ಬೇಕು, ಕೇಳು," ಎಂದರು ಮೂವರು ಅರಸರು.

"ಈ ಬೀಡನ್ನು ಕಿತ್ತುಹಾಕಬೇಡಿ. ಮೂರು ಕಡೆಯವರೂ ಇಲ್ಲೇ ಕೂಡಿರಲಿ."

"ಕೋಣ ಸತ್ತಿತಲ್ಲ?"

"ಇನ್ನೊಂದು ಬಂದಾಗ ಮತ್ತೆ ಮೂರು ಬಾಗಿಲು ತಟ್ಟಲು ನನ್ನಿಂದಾಗದು."

ಯಾರೂ ನಗಲಿಲ್ಲ. ರಾಜರಿಬ್ಬರೂ ತಲೆಯಾಡಿಸಿದರು. ಚಾಗಲದೇವಿ ತನ್ನ ಪೀಠದಿಂದ ಎದ್ದಳು.

"ಆಗಲಿ, ದಂಡನಾಯಕ. ಈಗ ಕೂತುಕೋ."

ಬೊಪ್ಪರಸ ಕೂತ. ಮೂರು ನಾಡಿನ ಜನರೂ ಉತ್ತು ಬಿತ್ತಿ, ಮಕ್ಕಳು ಮರಿಯೊಡನೆ ಸುಖವಾಗಿ ಬಾಳಿದರು.