ಕಣ್ಣು ಬರೆಯದ ದಳವಾಯಿ

"ಬೊಂಬಿ ಮಾಡ್ರಿ, ಆಟ ಆಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಮಣ್ಣಿನ ಬೊಂಬಿಗೆ ಕಣ್ಣು ಮಾತ್ರ ಬರೀಬ್ಯಾಡ್ರಿ," ಎಂದಳು ಲಕ್ಷ್ಮಕ್ಕ.

ಗೋವರ್ಧನ್ ನಕ್ಕುಬಿಟ್ಟ. ಕೆಂಪು ಮಣ್ಣಿನ ಚೀಲವನ್ನು ಪಡಸಾಲೆಯ ಕಂಬಕ್ಕೆ ಒರಗಿಸಿ, "ಯಾಕಕ್ಕಾ, ಕಣ್ಣು ಬಂದ್ರೆ ನನ್ ಜತೆ ಅವೂ ಬಾಡಿಗೆ ಕೊಡ್ಬೇಕಾ?" ಎಂದ.

ಮನೆಯೊಡತಿ ನಗಲಿಲ್ಲ. ರಾಯದುರ್ಗದ ಕೋಟೆಗುಡ್ಡದ ಬುಡಕ್ಕಿದ್ದ ಕೊನೆಯ ಓಣಿಯ ಮನೆ ಅವಳದು. ಮಣ್ಣು ಬಂದದ್ದು ಅದೇ ಗುಡ್ಡದ ಹಿಂದಿನ ದಂಡಿನ ದಿನ್ನೆಯಿಂದ. ಯಾವ ಕಾಲದಲ್ಲೋ ಅಲ್ಲಿ ಒಂದು ದಂಡು ಪೂರ್ತಿ ಹೆಣವಾಯಿತಂತೆ. ಸತ್ತವರು ಎದ್ದು ದಾರಿ ಹುಡುಕಿಕೊಂಡು ಬರಬಾರದೆಂದು ಗೆದ್ದವರ ಮಂತ್ರವಾದಿ ಅವರ ಕಣ್ಣು ಕಟ್ಟಿ ಮಾಟ ಮಾಡಿದನಂತೆ. ಅಂದಿನಿಂದ ಆ ಮಣ್ಣಿಗೆ ಕಣ್ಣಿನ ಹಸಿವು.

"ಒಳ್ಳೆ ಮಣ್ಣಿನ ಹರಕಿ ಕುದುರಿಗೂ ನಾವು ಸುಮ್ನ ಕಣ್ಣು ಬರಿಯಂಗಿಲ್ರಿ. ಎದುರಿಗೆ ಕುಂಬಳಕಾಯಿ ಇಟ್ಟು, ಬರಿಯೋರು ಹಿಂದ ನಿಂದ್ರಬೇಕು. ಮೊದಲು ಕಂಡದ್ದು ಅದರ ಪಾಲು. ಆಮೇಲೆ ಆ ಕಾಯಿ ಒಡದು ಬಿಸಾಕ್ತೀವಿ."

ಹೇಳಿ ಮುಗಿಸಿ ಅವಳು ಒಳಗಿನಿಂದ ಊಟದ ತಟ್ಟೆ ತಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಹಸಿ ಈರುಳ್ಳಿ. ಪಡಸಾಲೆಯ ಮೂಲೆಯಲ್ಲಿದ್ದ, ಹಗ್ಗ ಹೆಣೆದ ಖಾಲಿ ಹೊರಸಿನ ಮೇಲೆ ಇಟ್ಟು ಹೋದಳು. ದಿನಾ ಮಧ್ಯಾಹ್ನ ಹೀಗೇ. ಬಂದ ಹೊಸತರಲ್ಲಿ ಗೋವರ್ಧನ್, "ಯಜಮಾನ್ರು ತೀರ್ಕೊಂಡು ಬಾಳಾ ದಿನ ಆಯ್ತಾ ಅಕ್ಕಾ?" ಎಂದು ಕೇಳಿದ್ದ. "ಸತ್ತಿಲ್ರಿ. ಮನ್ಯಾಗ ಅದಾರ," ಎಂದಿದ್ದಳು. ಪಾಪ, ಮುದುಕಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡ. ಸಂಜೆಗೆ ತಟ್ಟೆ ಖಾಲಿಯಾಗುತ್ತಿದ್ದುದಕ್ಕೆ ಓಣಿಯ ನಾಯಿಗಳನ್ನು ಹೊಣೆ ಮಾಡಿದ.

ಮಡಕಶಿರದ ಕಡೆಯ ಈ ಗೋವರ್ಧನ್‌ಗೆ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ತಪ್ಪು ಹೊಲಿಗೆ ಹುಡುಕುವುದೇ ಉದ್ಯೋಗವಾದವನಿಗೆ ಸ್ನೇಹಿತರು ಎಲ್ಲಿಂದ ಬರಬೇಕು? ಅವನಿಗಿದ್ದ ಒಂದೇ ಗೀಳು ಪ್ರಾಚೀನ ಕಾಲದ ಸೈನ್ಯ ಕಟ್ಟುವುದು. ಹೆಬ್ಬೆರಳಿನ ಎತ್ತರದ ಕಾಲಾಳು, ಬಿಲ್ಲುಗಾರ, ಕುದುರೆ ಸವಾರ. ತಂತಿಯ ಎಲುಬು, ಮೇಲೆ ಮಣ್ಣಿನ ಮೈ. ಜೀನ್ಸಿನ ತಾಮ್ರದ ರಿವೆಟ್ಟೇ ಗುರಾಣಿ, ಕಿತ್ತ ಜಿಪ್ಪಿನ ಹಲ್ಲೇ ಕವಚ. ಬಣ್ಣ ಒಣಗಿದ ಮೇಲೆ ಎರಡು ದಂಡುಗಳನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಟೇಪು ಹಿಡಿದು ನಡಿಗೆ ಅಳೆದು, ದಾಳ ಉರುಳಿಸಿ ಯುದ್ಧ ಆಡುವುದು. ಆಟಕ್ಕೆ ಇಬ್ಬರು ಬೇಕು. ಹಿಂದೂಪುರದ ಗೆಳೆಯನೊಬ್ಬ ಇದ್ದ, ಮದುವೆಯಾದ ಮೇಲೆ ಅವನು ತನ್ನ ಸೈನ್ಯವನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ. ಆಮೇಲೆ ಗೋವರ್ಧನ್ ತಾನೇ ಈ ಕಡೆ ಕೂತು ಒಂದು ನಡೆ ನಡೆಸುವುದು, ಎದ್ದು ಮೇಜು ಸುತ್ತಿ ಆ ಕಡೆ ಕೂತು ಇನ್ನೊಂದು ನಡೆಸುವುದು. ಗೆದ್ದರೂ ತಾನೇ, ಸೋತರೂ ತಾನೇ. ಅಂಥ ಗೆಲುವು ಎಷ್ಟು ಬೇಸರದ್ದೆಂದು ಅವನಿಗೇ ಗೊತ್ತಿತ್ತು.

ದಿನ್ನೆಯ ಮಣ್ಣು ಬೆಣ್ಣೆಯಂತೆ ಕೈಗೆ ಬಗ್ಗಿತು. ಬಿರುಕಿಲ್ಲ, ಹರಳಿಲ್ಲ. ಅಂಥ ದಂಡನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಉಳಿದದ್ದು ಕಣ್ಣು. ಲಕ್ಷ್ಮಕ್ಕನ ಮಾತನ್ನು ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕಣ್ಣಿಲ್ಲದ ಸೈನಿಕನೆಂದರೆ ಗುಂಡಿಯಿಲ್ಲದ ಪ್ಯಾಂಟು. ಆ ಭಾನುವಾರ ಬೆಳಿಗ್ಗೆಯಿಂದ ಕಿಟಕಿಯ ಬಳಿ ಕೂತು, ಒಂದೊಂದನ್ನೇ ಮುಖದ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು, ಮೊದಲು ಬಿಳಿ ಚುಕ್ಕೆ, ಅದರ ಮೇಲೆ ಕಪ್ಪು ಚುಕ್ಕೆ ಇಟ್ಟ. ಪ್ರತಿಯೊಂದೂ ಕಣ್ಣು ತೆರೆದು ಮೊದಲು ನೋಡಿದ್ದು ಅವನನ್ನೇ. ಕುದುರೆಯ ಮೇಲಿನ ದಳವಾಯಿ ಒಬ್ಬ ಬಾಕಿ ಇದ್ದಾಗ ಕುಂಚದ ಕೂದಲು ಸೀಳಿತು. ನಾಳೆ ನೋಡೋಣ ಎಂದು ಎದ್ದ.

ಎದ್ದವನಿಗೆ ಮೂಗಿಗೆ ವಾಸನೆ ಹೊಡೆಯಿತು. ಕುದುರೆಯ ಬೆವರು, ಸುಟ್ಟ ಹುಲ್ಲು, ಹಳೆಯ ರಕ್ತದ ತುಕ್ಕು. ಮೇಜು ಸುತ್ತಿ ಆ ಕಡೆ ಹೋದ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದ್ದ ದಂಡು ಈಗ ಪಶ್ಚಿಮಕ್ಕೆ ತಿರುಗಿತ್ತು. ಅವನ ಕಡೆಗೆ.

ಸೋಮವಾರ ಕಾರ್ಖಾನೆಯ ಹಾಜರಿ ಯಂತ್ರ ಅವನ ಬೆರಳನ್ನು ಗುರುತಿಸಲಿಲ್ಲ. ಮಂಗಳವಾರ ಟೀ ತರುವವ ಎಲ್ಲರಿಗೂ ಕೊಟ್ಟು ಅವನ ಮುಂದೆ ಹಾದುಹೋದ. ಕೂಗಿದರೆ, ಎಲ್ಲೋ ದೂರದಿಂದ ದನಿ ಬಂದಂತೆ ತಲೆ ಕೆರೆದುಕೊಂಡ. ಹೊಲಿಗೆಯ ವನಿತಾ ಅವನ ಎದುರಿಗೇ, "ಆ ಸೂಪರ್‌ವೈಸರ್ ಸಾರ್ ಇವತ್ತೂ ಬಂದಿಲ್ಲೇನ್ರಿ?" ಎಂದು ಪಕ್ಕದವಳನ್ನು ಕೇಳಿದಳು. ಗುರುವಾರ ಗುಮ್ಮಘಟ್ಟದ ಷೇರ್ ಆಟೋದಲ್ಲಿ ಒಬ್ಬ ದಪ್ಪನೆಯ ಗಂಡಸು ಅವನ ತೊಡೆಯ ಮೇಲೆಯೇ ಕೂತುಬಿಟ್ಟ. ಗೋವರ್ಧನ್ ಕಿರುಚಿದ. ಆಟೋದಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವನು ಇಳಿದು, ರಸ್ತೆಯ ಬದಿಯಲ್ಲಿ ಕೂತು, ಮಗುವಿನ ಹಾಗೆ ಅತ್ತ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಓಡಿ ಬಂದು ಲಕ್ಷ್ಮಕ್ಕನ ಮುಂದೆ ನಿಂತ. ಅವಳ ನೋಟ ಅವನ ಮೈ ದಾಟಿ ಗೋಡೆಗೆ ಹೋಯಿತು. ಆದರೆ ಅವಳು ಕಾಣದವರ ಜತೆ ಬಾಳಿ ರೂಢಿಯಾದವಳು. ಕಿವಿಯನ್ನು ಅವನ ಕಡೆ ಹೊರಳಿಸಿದಳು.

"ಕಣ್ಣು ಬರದ್ರಲ್ಲಾ?" ಎಂದಳು. "ನಮ್ಮ ಯಜಮಾನ್ರು ಬೊಮ್ಮಣ್ಣನೋರೂ ಹಿಂಗ ನಕ್ಕಿದ್ರು. ಅದೇ ಮಣ್ಣಾಗ ಕುದುರಿ ಮಾಡಿದ್ರು."

"ಒಡ್ದಾಕ್ಬಿಡ್ಲಾ ಅಕ್ಕಾ?"

"ಒಡದಷ್ಟೂ ಚೂರಿಗೊಂದು ಕಣ್ಣು ಬರ್ತಾವ್ರಿ. ಕುಂಬಳಕಾಯಿಗೂ ಈಗ ಬಗ್ಗಂಗಿಲ್ಲ, ಮನುಷ್ಯಾನ್ನ ಕಂಡಾವ." ಅವನ ಕೋಣೆಯ ಕಡೆ ಕೈ ಮಾಡಿದಳು. "ಕಣ್ಣು ಇಲ್ಲದ್ದು ಒಂದರ ಉಳದೈತೇನು?"

"ಒಂದೈತೆ. ದಳವಾಯಿ."

"ಬರೀದಿದ್ರೂ ತಾನ ತೆರಕೊಂತದ, ಆಮೇಲೆ ನೀವು ಯಾರಿಗೂ ಕಾಣಂಗಿಲ್ಲ. ಅಷ್ಟರೊಳಗ ಬ್ಯಾರೆ ಒಬ್ರ ಎದುರಿಗೆ ಹಿಡದು ಬರದ್ರ ನಿಮ್ಮನ್ನ ಬಿಟ್ಟು ಅವರನ್ನ ಹಿಡಿತಾವ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವತ್ತು ಅವರ ಎದುರಿಗೆ ನಾನ ಇದ್ದೆ. ಅವರಿಗೆ ಈ ಉಪಾಯ ಗೊತ್ತಿತ್ತು. ಕುದುರಿ ಮುಖ ತಮ್ಮ ಕಡೆ ತಿರುವಿಕೊಂಡ್ರು."

ಗೋವರ್ಧನ್ ಖಾಲಿ ಹೊರಸನ್ನು ನೋಡಿದ. ಹಗ್ಗ ನಡುವೆ ಒಂದಿಷ್ಟು ಜಗ್ಗಿತ್ತು. ಇಷ್ಟು ದಿನ ಅದು ಅವನ ಗಮನಕ್ಕೇ ಬಂದಿರಲಿಲ್ಲ.

ಕೋಣೆಗೆ ಹೋಗಿ ದಳವಾಯಿಯನ್ನು ಎತ್ತಿಕೊಂಡ. ಮಣ್ಣಿನ ರೆಪ್ಪೆಯ ಕೆಳಗೆ ಬೂದು ಬಣ್ಣದ ಪೊರೆಯೊಂದು ಮೂಡಿತ್ತು. ಶನಿವಾರಕ್ಕೆ ಅದು ಬೆಳ್ಳಗಾಯಿತು. ಕನ್ನಡಿಯಲ್ಲಿ ಅಂಗಿ ಕಾಣುತ್ತಿತ್ತು, ಕುತ್ತಿಗೆಯ ಮೇಲೆ ಮಬ್ಬು.

ಆಗ ನೆನಪಾದವನು ಭೀಮೇಶ್. ಡಿ. ಹಿರೇಹಾಳದಿಂದ ಬಂದು ಹೋಗುವ ಕಟಿಂಗ್ ಮಾಸ್ಟರ್. ಹೋದ ವಾರ ಕಾರ್ಖಾನೆಯಲ್ಲಿ ರಿವೆಟ್ಟಿನ ಗುರಾಣಿ ನೋಡಿ ಹುಚ್ಚು ಹಿಡಿಸಿಕೊಂಡು, "ನನಗೂ ಆಟ ಕಲಿಸ್ರಿ ಸಾರ್. ಮುಂದಿನ ಆದಿತ್ಯವಾರ ಬಂದ ಬರ್ತೀನಿ," ಎಂದಿದ್ದ. ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಅವನು ಬರಲಿ ಎಂದು ಗೋವರ್ಧನ್ ಬೇಡಿಕೊಂಡ. ಬರಬಾರದು ಎಂದೂ ಬೇಡಿಕೊಂಡ.

ಭಾನುವಾರ ಸಂಜೆ ಕರೆಂಟು ಹೋಗಿತ್ತು. ಗುಡ್ಡದ ನೆರಳು ಓಣಿಯನ್ನು ನುಂಗಿತ್ತು. ಬಾಗಿಲು ಸದ್ದಾಯಿತು.

"ಸಾರ್? ಕತ್ತಲಾಗ ಯಾಕ ಕುಂತೀರಿ?"

ಭೀಮೇಶನಿಗೆ ಅವನು ಕಂಡಿದ್ದ! ಹುಡುಕಿಕೊಂಡು ಬಂದ ಕಣ್ಣಿಗೆ ಇನ್ನೂ ಒಂದಿಷ್ಟು ಕಾಣುತ್ತಿತ್ತೋ ಏನೋ. ಒಬ್ಬ ಮನುಷ್ಯ ತನ್ನ ಮುಖ ನೋಡಿ ಮಾತಾಡಿದ್ದೇ ತಡ, ಗೋವರ್ಧನ್ ಎದುರಿನ ಕುರ್ಚಿಯ ಧೂಳು ಒರೆಸಿದ.

"ಕೂತ್ಕೊಳಪ್ಪಾ," ಎಂದ. "ಎದುರಿಗೆ ಕೂತ್ಕೊ."

ಭೀಮೇಶ್ ಕೂತ. ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಬಿಚ್ಚಿದ. ಬಿಸಿ ಎಣ್ಣೆಯ ಘಮ. ಅದರ ಕೆಳಗೆ ಕುದುರೆಯ ಬೆವರು. ಗೋವರ್ಧನ್ ಹೊಸ ಕುಂಚ ತೆಗೆದ. ದಳವಾಯಿಯನ್ನು ಹಿಂದಿನಿಂದ ಹಿಡಿದ. ಮುಖ ಭೀಮೇಶನ ಕಡೆ. ಬಿಳಿ ತಾನೇ ಮೂಡಿತ್ತು. ಕಪ್ಪೊಂದೇ ಬಾಕಿ. ಕುಂಚ ಅದ್ದಿದ. ಮೇಜಿನ ಮೇಲಿನ ದಂಡು ಉಸಿರು ಹಿಡಿದಿತ್ತು. ಎಲ್ಲೋ ಲಗಾಮು ಕಚ್ಚಿದ ಸದ್ದು.

"ಸಾರ್, ನಗಬ್ಯಾಡ್ರಿ ಮತ್ತ," ಎಂದು ಭೀಮೇಶ್ ಜೇಬಿಗೆ ಕೈ ಹಾಕಿದ. ಅಂಗೈ ಬಿಚ್ಚಿದ. ಜೀನ್ಸಿನ ಗುಂಡಿಯ ಮೇಲೆ ನಿಂತ ಒಂದು ತಂತಿಯ ಸೈನಿಕ. ಸೊಟ್ಟ ಕಾಲು, ನೀಲಿ ದಾರದ ಪೇಟ. "ವಾರ ಪೂರ್ತಿ ಕುಂತು ಮಾಡೀನಿ. ನಿಮ್ಮ ಎದುರು ಆಡಾಕ ನನ್ನದೂ ಒಂದು ಇರ್ಲಿ ಅಂತ."

ಕುಂಚ ನಿಂತಿತು.

ಎಷ್ಟು ವರ್ಷ ಕಾದಿದ್ದ, ಆ ಕುರ್ಚಿಯಲ್ಲಿ ಒಬ್ಬರು ಕೂರಲೆಂದು! ಈಗ ಕೂತಿದ್ದಾನೆ. ಒಂದು ಚುಕ್ಕೆ ಸಾಕು. ನಾಳೆ ಟೀ ತರುವವ ಗೋವರ್ಧನ್‌ಗೂ ಲೋಟ ಕೊಡುತ್ತಾನೆ. ಡಿ. ಹಿರೇಹಾಳದ ಒಂದು ಮನೆಯವರು ಹೊರಸಿನ ಮೇಲೆ ತಟ್ಟೆ ಇಡತೊಡಗುತ್ತಾರೆ. ಕಪ್ಪು ತೊಟ್ಟು ಕುಂಚದ ತುದಿಯಲ್ಲಿ ಜೋತಾಡಿತು. ಬಿಳಿ ಪೊರೆ ಬಿರಿಯತೊಡಗಿತು. ಗೊರಸು. ಗೊರಸು. ಹತ್ತಿರ.

ಗೋವರ್ಧನ್ ದಳವಾಯಿಯ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಒಂದು ಚುಕ್ಕೆ. ಇನ್ನೊಂದು.

ಎಲ್ಲ ಸದ್ದೂ ನಿಂತಿತು.

"ಸಾರ್?" ಭೀಮೇಶ್ ಎದ್ದ. "ಈಗ ಇಲ್ಲೇ ಇದ್ರಲ್ಲ?" ಮೊಬೈಲಿನ ಬೆಳಕು ಗೋವರ್ಧನ್‌ನ ಎದೆಯನ್ನು ಹಾದು ಗೋಡೆಗೆ ಬಿತ್ತು. ಹಿತ್ತಲಿಗೆ ಹೋಗಿ ಕೂಗಿದ, ಬಂದ, ಕುರ್ಚಿಯ ತುದಿಯಲ್ಲಿ ಕೂತು ಕಾದ. ಗೋವರ್ಧನ್ ಅವನ ಹೆಸರು ಹಿಡಿದು ಕರೆದ, ಭುಜ ಮುಟ್ಟಿದ. ಭೀಮೇಶ್ ಚಳಿಯಾದವನಂತೆ ಕಾಲರ್ ಎಳೆದುಕೊಂಡ. ಕೊನೆಗೆ ತನ್ನ ಸೊಟ್ಟ ಸೈನಿಕನನ್ನು ದಂಡಿನ ಎದುರಿಗೆ ನಿಲ್ಲಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೋದ.

ಅವನ ಹೆಜ್ಜೆಯ ಸದ್ದು ಓಣಿಯಲ್ಲಿ ಅಡಗಿದ ಮೇಲೆ ಗೋವರ್ಧನ್ ಹೊರಗೆ ಬಂದ. ಪಡಸಾಲೆಯ ಹೊರಸು ಖಾಲಿಯಿರಲಿಲ್ಲ. ಕೈಗೆ ಒಣಗಿದ ಕೆಂಪು ಮಣ್ಣು ಮೆತ್ತಿದ ಮುದುಕನೊಬ್ಬ ಅಲ್ಲಿ ಕೂತು ಅವನನ್ನೇ, ಅವನ ಮುಖವನ್ನೇ, ನೋಡುತ್ತಿದ್ದ.

ಬೊಮ್ಮಣ್ಣ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ಮರುದಿನ ಮಧ್ಯಾಹ್ನ ಲಕ್ಷ್ಮಕ್ಕ ತಟ್ಟೆ ತಂದಳು. ಹೊರಸಿನ ಹತ್ತಿರ ಬಂದು ಹಗ್ಗದ ಜಗ್ಗನ್ನು ನೋಡಿದಳು. ಅದು ಎರಡು ಕಡೆ ಜಗ್ಗಿತ್ತು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಮೊದಲಿನದರ ಪಕ್ಕದಲ್ಲಿಟ್ಟಳು.

"ರೊಟ್ಟಿ ಆರ್ತಾವ," ಎಂದಳು ಗಾಳಿಗೆ. "ಇಬ್ರೂ ಉಣ್ರಿ."