ಸಂಕದ ಮೇಲಿನ ಹೆಂಗಸು

2005ರ ನವೆಂಬರ್ 14, ಸೋಮವಾರ, ಬೆಳಿಗ್ಗೆ ಹತ್ತೂವರೆ. ಸಕಲೇಶಪುರ ಠಾಣೆಯ ಗೋಡೆಗೆ ಮೂರು ಚೌಕಟ್ಟುಗಳನ್ನು ಮುಖ ತಿರುಗಿಸಿ ಒರಗಿಸಿದ ದೂರುದಾರಳು, ಅವಕ್ಕೆ ಬೆನ್ನು ಹಾಕಿ ಕುಳಿತಳು. ಹೆಸರು ತನುಜಾ, ವೃತ್ತಿ ಚಿತ್ರಕಲೆ. ಹೆಗ್ಗದ್ದೆಯ ಹಳ್ಳ, ಹಳ್ಳ ದಾಟಲು ಮರದ ಸಂಕ, ಸುತ್ತ ಮಂಜು: ತಾನು ಬರೆದ ಈ ಚಿತ್ರವನ್ನು ಹಾಸನದಲ್ಲಿ ಪ್ರಿಂಟ್ ಹಾಕಿಸಿ, ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಂಬರು, ಸಹಿ ಹಾಕಿ, ಫ್ರೇಮ್ ಕಟ್ಟಿಸಿ ಎಸ್ಟೇಟ್ ಬಂಗಲೆಗಳಿಗೆ ಮಾರುತ್ತಿದ್ದಳು.

“ಒಂದೊಂದೇ ವಾಪಸ್ ಬರ್ತಾವೆ ಮೇಡಂ. ಸಂಕದ ಮೇಲೆ ಯಾರೋ ಹೆಂಗಸು ನಿಂತವ್ಳೆ. ನಾನು ಬರೆದಿಲ್ಲ.”

ಪಿಎಸ್‌ಐ ಮಧುಶ್ರೀ ಚೌಕಟ್ಟುಗಳನ್ನು ತಿರುಗಿಸಿದಳು. ನಾಲ್ಕನೇ ಪ್ರಿಂಟಿನಲ್ಲಿ ಸಂಕದ ಆಚೆ ತುದಿಗೆ ಹಸಿರು ಸೀರೆ, ಮುಖವಿಲ್ಲ. ಒಂಬತ್ತರಲ್ಲಿ ಅವಳು ಸಂಕದ ನಡುವಿಗೆ ಬಂದಿದ್ದಳು. ಹದಿನಾರರಲ್ಲಿ ಈಚೆ ದಡ. ಹಣೆಯಲ್ಲಿ ವಿಭೂತಿ, ಕಣ್ಣು ನೇರ ನೋಡುವವರ ಮೇಲೆ. ನೀರಿನಲ್ಲಿ ಅವಳ ನೆರಳಿರಲಿಲ್ಲ. ಮಧುಶ್ರೀಯ ಅಜ್ಜಿಯ ಕತೆಗಳಲ್ಲಿ ಮಂಜಿನಿಂದ ಎದ್ದು ಬರುವವರಿಗೂ ನೆರಳಿರುತ್ತಿರಲಿಲ್ಲ.

“ಸಹಿ ಹಾಕುವಾಗ ಇದ್ದಳಾ?”

“ಇರ್ಲಿಲ್ಲ.” ತನುಜಾಳ ದನಿ ಇಳಿಯಿತು. “ನಿದ್ದೆಗಣ್ಣಲ್ಲಿ ಎದ್ದು ನಾನೇ ಬರೀತಿದೀನಾ ಅಂತ ಭಯ ಮೇಡಂ. ಬಣ್ಣದ ಪೆಟ್ಟಿಗೆಗೆ ಬೀಗ ಹಾಕಿ, ಕೀ ಅಮ್ಮನ ಕೈಲಿ ಕೊಟ್ಬುಟ್ಟಿದೀನಿ. ಹಿಂಗೇ ಆದ್ರೆ ಇನ್ನು ಬ್ರಷ್ ಮುಟ್ಟಲ್ಲ.”

ಹೆಡ್ ಕಾನ್‌ಸ್ಟೇಬಲ್ ಭೂತಯ್ಯ ಆಗಲೇ ಬಾಗಿಲಿಗೆ ಸರಿದಿದ್ದ.

“ಭೂತಯ್ಯ ಅಂತ ಹೆಸರಿಟ್ಕೊಂಡು ನೀವೇ ಹೆದರಿದ್ರೆ ಹೆಂಗ್ರೀ?”

“ಹೆಸರು ನಮ್ಮಪ್ಪ ಇಟ್ಟಿದ್ದು ಮೇಡಂ. ಹೆದರಿಕೆ ನಂದು.”

ಮಧುಶ್ರೀ ನಕ್ಕಳು. ಆದರೆ ಚಿತ್ರದ ಹೆಂಗಸಿನ ಆ ನೋಟವನ್ನು ಎಲ್ಲೋ ಕಂಡಿದ್ದೆನೆಂಬ ಅಳುಕು ಅವಳನ್ನು ಬಿಡಲಿಲ್ಲ.

ಎಫ್‌ಐಆರ್ ದಾಖಲಾಯಿತು. ಪಂಚರ ಸಮಕ್ಷಮ ಹದಿನಾರನೇ ಫ್ರೇಮನ್ನು ಬಿಚ್ಚಲಾಯಿತು. ಹಿಂಬದಿಗೆ ಅಂಟಿಸಿದ್ದ ಕಂದು ಕಾಗದ ಎಲ್ಲೂ ಹರಿದಿರಲಿಲ್ಲ. ಗಾಜು ತೆಗೆದು ಮಧುಶ್ರೀ ಪ್ರಿಂಟಿನ ಮೇಲೆ ಬೆರಳಾಡಿಸಿದಳು. ಹಳ್ಳ, ಮಂಜು, ಸಂಕ ಎಲ್ಲವೂ ನುಣುಪು. ಸೀರೆಯ ಬಳಿ ಬೆರಳು ತಡೆಯಿತು. ಒಣಗಿದ ಬಣ್ಣ.

“ಪ್ರಿಂಟಿನ ಮೇಲೆ ಕೈಯಿಂದ ಬರೆದಿದ್ದಾರೆ. ಅದೂ ಗಾಜು ಕೂರಿಸೋ ಮೊದಲೇ. ನಿಮ್ಮ ಸಹಿ ಆದಮೇಲೆ ಇದು ಎಲ್ಲಿಗೆ ಹೋಗುತ್ತೆ?”

“ಆನೇಮಹಲ್‌ಗೆ, ಏಕಾಂತಯ್ಯನವರ ಫ್ರೇಮ್ ಅಂಗಡಿಗೆ. ಕಟ್ಟಿ, ಅವರೇ ಪ್ಯಾಕ್ ಮಾಡಿ ಕಳಿಸ್ತಾರೆ. ಆದ್ರೆ ಅವರು ಅಂಥೋರಲ್ಲ ಮೇಡಂ.”

ಹೆಸರು ಕೇಳಿದೊಡನೆ ಮಧುಶ್ರೀಗೆ ತನ್ನ ಮನೆಯ ಗೋಡೆ ನೆನಪಾಯಿತು. ಅಜ್ಜಿ ಚೆಲುವಮ್ಮ ಬದುಕಿದ್ದಾಗ ಫೋಟೋ ತೆಗೆಸಿಕೊಂಡವಳಲ್ಲ. ಸತ್ತಮೇಲೆ ಗೋಡೆಗೆ ಒರಗಿಸಿ ತೆಗೆದ ಫೋಟೋದಲ್ಲಿ, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆದುಕೊಟ್ಟವನು ಇದೇ ಏಕಾಂತಯ್ಯ. ಎರಡೂ ಕಣ್ಣುಪಾಪೆಗಳ ಎಡ ಮೂಲೆಯಲ್ಲಿ ಒಂದೊಂದು ಬಿಳಿ ಚುಕ್ಕೆ. ಸಂಕದ ಹೆಂಗಸಿಗೂ ಅವೇ ಚುಕ್ಕೆಗಳು.

ಮಂಗಳವಾರ ಬೆಳಿಗ್ಗೆ ಅಂಗಡಿ ಹೊಕ್ಕಾಗ, ಗೋಡೆಯ ತುಂಬ ಸತ್ತವರು ಸಾಲಾಗಿ ಒಂದೇ ನೋಟ ಬೀರುತ್ತಿದ್ದರು. ಮೇಜಿನ ಮೇಲೆ ಹದಿನೇಳನೇ ಪ್ರಿಂಟು, ಪಕ್ಕದಲ್ಲಿ ಹಸಿ ಬ್ರಷ್ಷು. ಈ ಸಲ ಹಳ್ಳವೂ ಸಂಕವೂ ಬಣ್ಣದಡಿ ಮುಚ್ಚಿಹೋಗಿದ್ದವು. ಕಾಗದದ ತುಂಬ ಅವಳದೇ ಮುಖ. ಕಣ್ಣು ಇನ್ನೂ ಮುಚ್ಚಿತ್ತು.

“ಯಾರಿದು?”

“ನಮ್ಮ ಗುರುಶಾಂತಮ್ಮ. ನನ್ನ ಮನೆಯೋಳು.”

“ಯಾಕೆ ಬರೆದ್ರಿ?”

“ಊರ ಸತ್ತೋರಿಗೆಲ್ಲ ಕಣ್ಣು ಬರೆದೆ. ಇವಳದ್ದು ಒಂದು ಫೋಟೋ ಇಲ್ಲ. ಸತ್ತ ದಿನಾನೂ ತೆಗೆಸ್ಲಿಲ್ಲ. ಬರ್ತಾ ಬರ್ತಾ ಮುಖಾನೇ ಮರ್ತೋಗ್ಬುಡ್ತು. ತವರಿಂದ ಬರೋವಾಗ ಆ ಸಂಕ ದಾಟೇ ಬರೋಳು. ಮೊದಲು ಸೀರೆ ನೆನಪಾಯ್ತು, ಬರೆದೆ. ಬರೀತಾ ಬರೀತಾ ಹತ್ರ ಬಂದ್ಳು.”

“ಬೇರೆ ಕಾಗದ ಇರ್ಲಿಲ್ವಾ?”

“ಬರೀ ಕಾಗದಕ್ಕೆ ಬರಲ್ಲ ತಾಯಿ ಅವಳು. ಸಂಕ ಬೇಕು.”

“ಆ ಹುಡುಗಿ ತನಗೇ ಹುಚ್ಚು ಹಿಡೀತು ಅಂದ್ಕೊಂಡಿದಾಳೆ. ಬಣ್ಣಕ್ಕೆ ಬೀಗ ಹಾಕವ್ಳೆ.”

ಏಕಾಂತಯ್ಯ ತಲೆ ತಗ್ಗಿಸಿದ. “ಅದು ತಿಳೀಲಿಲ್ಲ. ತಪ್ಪಾಯ್ತು ಅನ್ನಿ ಅವಳಿಗೆ.” ಆಮೇಲೆ ಮೆಲ್ಲಗೆ, “ಕಣ್ಣು ಬರೆದು, ಎರಡು ಚುಕ್ಕೆ ಇಟ್ಟು ಬರ್ಲಾ?”

“ಆಗಲ್ಲ. ಇದಿನ್ನು ಸಾಕ್ಷಿ.”

ಮಹಜರು ಬರೆದು ಪ್ರಿಂಟನ್ನು ವಶಪಡಿಸಿಕೊಂಡು, ಕೃತಿಸ್ವಾಮ್ಯ ಕಾಯ್ದೆಯಡಿ ಅವನನ್ನು ಬಂಧಿಸಿ ಠಾಣೆಯ ಲಾಕಪ್ಪಿಗೆ ತರಲಾಯಿತು.

ಸಂಜೆ ಠಾಣೆಗೆ ಬಂದ ತನುಜಾ, ಈ ಸಲ ಚಿತ್ರಕ್ಕೆ ಎದುರಾಗಿಯೇ ಕುಳಿತು ಬಹಳ ಹೊತ್ತು ನೋಡಿದಳು. “ನನ್ನ ಕೈ ಅಲ್ಲ,” ಎಂದು ಕಣ್ಣೊರೆಸಿಕೊಂಡಳು. ಠಾಣೆಯ ಫೋನಿನಿಂದಲೇ ಮನೆಗೆ ಮಾಡಿದಳು: “ಅಮ್ಮಾ, ಪೆಟ್ಟಿಗೆ ಕೀ ಎಲ್ಲಿಟ್ಟಿದೀಯ?”

ಅವಳು ಹೋದಮೇಲೆ ಭೂತಯ್ಯ ಪ್ರಿಂಟನ್ನು ದೂರದಿಂದ ಹಿಡಿದೆತ್ತಿದ.

“ಗೋಡೆಗೆ ಮುಖ ಮಾಡಿ ಇಡ್ಲಾ ಮೇಡಂ?”

“ಬೇಡ,” ಎಂದಳು ಮಧುಶ್ರೀ. “ಲಾಕಪ್ ಕಡೆ ತಿರುಗಿಸಿಡಿ.”