ನೀಲಾವತಿಯ ಮೊದಲ ಪುಟ

"ಪುಟ ಚೆಂದ ಐತಿರೀ. ಆದ್ರ ಊರಿನ ಹೆಸರು ಹಾಕಿ ಹುಡುಕೋ ಜಾಗನ ಇಲ್ಲಲ್ಲ?"

ನೀಲಾವತಿ ತಲೆ ಎತ್ತಿದಳು. ಸಿರುಗುಪ್ಪದ ಸಮ್ರಾಟ್ ಅವಳ ಕಂಪ್ಯೂಟರಿನತ್ತ ಬಾಗಿ ನಿಂತಿದ್ದ. ಕೆಲಸಕ್ಕೆ ಸೇರಿ ಅರ್ಧ ದಿನವೂ ಆಗಿರಲಿಲ್ಲ, ಆಗಲೇ ತಪ್ಪು ಹುಡುಕುತ್ತಿದ್ದಾನೆ!

ಬಳ್ಳಾರಿಯ ಪಾರ್ವತಿನಗರದ ಆ ಸಣ್ಣ ಕಚೇರಿಯಲ್ಲಿ ಪ್ರವಾಸದ ಜಾಗಗಳನ್ನು ತೋರಿಸುವ ಆ್ಯಪ್ ತಯಾರಾಗುತ್ತಿತ್ತು. ಅದರ ವಿನ್ಯಾಸ ಅವಳದು. ಅದನ್ನು ಆ್ಯಪ್ ಆಗಿ ಕಟ್ಟುವುದು ಅವನ ಕೆಲಸ.

"ಹೆಸರು ಮೊದಲ ಗೊತ್ತಿದ್ರ ನಮ್ಮ ಆ್ಯಪ್ ಯಾಕ ಬೇಕ್ರಿ?" ಎಂದಳು. "ನನ್ನ ಪುಟ ಒಂದ ಮಾತು ಕೇಳತೈತಿ. ನಿಮ್ಮ ಹತ್ರ ಎಷ್ಟು ಹೊತ್ತು ಐತಿ? ಒಂದು ಮುಂಜಾನಿ ಅಂದ್ರ ಬಳ್ಳಾರಿ ಗುಡ್ಡ. ಅರ್ಧ ದಿನ ಅಂದ್ರ ನಮ್ಮ ಕುರುಗೋಡಿನ ದೊಡ್ಡ ಬಸವನ ಗುಡಿ."

ಅವನು ಪರದೆಯನ್ನು ಬಿಟ್ಟು ಅವಳನ್ನೇ ನೋಡಿದ. ಅವಳ ಎದೆ ಯಾಕೋ ಜೋರಾಗಿ ಬಡಿದುಕೊಂಡಿತು...

"ಸೋತೆ," ಎಂದು ನಕ್ಕುಬಿಟ್ಟ.

ಆಮೇಲೆ ಕೆಲವು ವಾರ ಇಬ್ಬರೂ ಊರಿನ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಬಂದವರ ಕೈಗೆ ಫೋನ್ ಕೊಟ್ಟು ಪರೀಕ್ಷೆ ಮಾಡಿದರು. ಜನರ ಬೆರಳು ತಡವರಿಸಿದ ಕಡೆ ಅವಳು ತಿದ್ದುತ್ತಿದ್ದಳು. ಸಂಜೆಯೊಳಗೆ ಅವನು ಅದನ್ನು ಕಟ್ಟಿ ಕೊಡುತ್ತಿದ್ದ. ಚಹಾ ಕುಡಿಯುತ್ತಾ ಮಾತು ಬೆಳೆಯುತ್ತಿತ್ತು.

ಆ್ಯಪಿಗೆ ಬಂಡವಾಳ ಹಾಕಲಿದ್ದ ಹೋಟೆಲ್ ಒಡತಿ ಕಾವೇರಿ ಮೇಡಂ ಒಂದು ದಿನ ಪುಟ ನೋಡಲು ಬರುವವರಿದ್ದರು. ಅದರ ಹಿಂದಿನ ಸಂಜೆ ಯಜಮಾನ ತಿಪ್ಪೇರುದ್ರಪ್ಪನ ಕೋಣೆಯಿಂದ ಸಮ್ರಾಟನ ದನಿ ಕೇಳಿಸಿತು.

"ನೀಲಾವತಿಯವರ ಪುಟ ನಾಳೆ ತೋರಸಬ್ಯಾಡ್ರಿ ಸರ್."

ಅವಳು ಬಾಗಿಲಿನಿಂದ ಹಿಂದೆ ಸರಿದಳು. 'ಇವನೂ ಹೀಗೇನಾ... ನನ್ನ ಜೊತೆಗಿದ್ದೇ?' ಮುಂದಿನ ಮಾತಿಗೆ ಅವಳು ನಿಲ್ಲಲಿಲ್ಲ. ಫೋನ್ ಆಫ್ ಮಾಡಿ ಕುರುಗೋಡಿನ ಬಸ್ ಹತ್ತಿದಳು.

ಬೆಳಿಗ್ಗೆ ಅವಳ ಮನೆಯ ಮುಂದೆ ಅವನ ಬೈಕ್ ನಿಂತಿತು.

"ನನ್ನ ಕೆಲಸ ಮುಚ್ಚಿಟ್ಟು ಇಲ್ಲಿಗ್ಯಾಕ ಬಂದ್ರಿ?"

"ಮುಚ್ಚಿಡಾಕಲ್ರೀ. ಸರ್ ಅದನ್ನ ತಮ್ಮದಂತ ತೋರಸಾಕ ಹೊಂಟಿದ್ರು. ಮಾಡಿದೋರ ತೋರಸ್ಲಿ, ಇಲ್ಲಂದ್ರ ಬ್ಯಾಡ ಅಂದೆ. ಕೆಲಸ ಬಿಡ್ತೀನಿ ಅಂದ ಮ್ಯಾಲ ಒಪ್ಪಿದ್ರು."

ಅವಳ ಕಣ್ಣು ತುಂಬಿತು. "ಕೆಲಸ ಹೋಗಿದ್ರ?"

"ಇನ್ನೊಂದು ಸಿಗ್ತಿತ್ತು. ನಡೀರಿ, ಹೊತ್ತಾತು."

ಕಚೇರಿಯಲ್ಲಿ ಕಾವೇರಿ ಮೇಡಂ ಫೋನ್ ಹಿಡಿದು 'ಅರ್ಧ ದಿನ' ಒತ್ತಿದರು. ದೊಡ್ಡ ಬಸವ ಕಾಣಿಸಿದ. ಅವರು ನೋಡುತ್ತಾ ನೋಡುತ್ತಾ ಎದುರಿದ್ದವರನ್ನೇ ಮರೆತರು.

"ಬಳ್ಳಾರಿಯಾಗ ಹುಟ್ಟಿ ಬೆಳೆದೀನಿ, ಇಷ್ಟು ಹತ್ರ ಇರೋದನ್ನ ನೋಡೇ ಇಲ್ಲ. ಯಾರು ಮಾಡಿದ್ದು ಇದನ್ನ?"

ತಿಪ್ಪೇರುದ್ರಪ್ಪ ಕೆಮ್ಮಿದ. ನೀಲಾವತಿ ಎದ್ದು ನಿಂತಳು.

"ನಾನು, ಮೇಡಂ. ನೀಲಾವತಿ, ಕುರುಗೋಡು."

"ಇದರಾಗ ಏನೂ ಬದಲಿಸಬ್ಯಾಡಮ್ಮ. ಕೊಪ್ಪಳ, ರಾಯಚೂರಿಗೂ ನೀನ ಮಾಡು."

ಕೋಣೆ ತುಂಬ ಚಪ್ಪಾಳೆ ಎದ್ದಿತು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಸಮ್ರಾಟ್.

ಹೊರಗೆ ಮೆಟ್ಟಿಲ ಮೇಲೆ ಅವಳೇ ಬಾಯಿಬಿಟ್ಟಳು.

"ನಿಮ್ಮ ಮ್ಯಾಲ ನಂಗ ಮನಸೈತಿ."

ಅವನು ಬೈಕಿನ ಕೀಲಿಯನ್ನು ಜೇಬಿಗೆ ಹಾಕಿ ಅವಳ ಕಡೆ ತಿರುಗಿದ. "ನಂಗೂ ಐತಿ... ಎಂದೋ ಆಗೇತಿ. ಆದ್ರ ನಾವು ಬುದ್ಧನ್ನ ನಂಬೋ ಮಂದಿ. ಯಾವ ಜಾತಿ ಅಂತ ನಿಮ್ಮ ಮನ್ಯಾಗ ಕೇಳ್ತಾರ, ನೀಲಾ."

"ಕೇಳ್ಲಿ. ನಿಮ್ಮ ಪಕ್ಕ ನಿಂತು ನಾನ ಹೇಳ್ತೀನಿ."

"ಅಂಜಿಕಿಲ್ಲೇನು?"

"ಐತಿ," ಎಂದು ಅವಳು ಅವನ ಕೈ ಹಿಡಿದಳು. "ಬಿಡಬ್ಯಾಡ್ರಿ ಮತ್ತ."